ವೆಂಕಟ್ ಕಪೂರ್ ಯಾವೂರಿನವರು?

ನಮ್ಮ ಕಡೆ ಹೊಸಬರು ಸಿಕ್ಕರೆ ಮೊದಲು ಕೇಳುವುದು ಹೆಸರು. ಆಮೇಲೆ ಯಾವೂರು. ಮೂರನೆಯ ಪ್ರಶ್ನೆಯನ್ನು ಈಗೀಗ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಮೊದಲೆರಡು ಉತ್ತರಗಳಲ್ಲೇ ಅದನ್ನು ಹುಡುಕಿಕೊಳ್ಳುತ್ತೇವೆ.

ಈ ಚಟ ನನಗೂ ಇದೆ. ಹಾಗಾಗಿಯೇ ‘ದಿ ಮಾರ್ಷಿಯನ್’ ಕಾದಂಬರಿ ಓದುವಾಗ ಒಂದು ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿತು. ಗಗನಯಾತ್ರಿಯೊಬ್ಬ ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದುಬಿಡುತ್ತಾನೆ. ಅಲ್ಲೇ ಆಲೂಗಡ್ಡೆ ಬೆಳೆದುಕೊಂಡು ಜೀವ ಹಿಡಿದುಕೊಳ್ಳುತ್ತಾನೆ. ಅವನನ್ನು ವಾಪಸ್ ಕರೆತರಲು ಭೂಮಿಯಲ್ಲಿ ಕೂತು ಒದ್ದಾಡುವ ನಾಸಾ ಅಧಿಕಾರಿಯ ಹೆಸರು ಡಾಕ್ಟರ್ ವೆಂಕಟ್ ಕಪೂರ್.

ವೆಂಕಟ್ ಕಪೂರ್! ಅರ್ಧ ತಿರುಪತಿ, ಅರ್ಧ ಪಂಜಾಬ್. ಪುಸ್ತಕ ಮುಚ್ಚಿಟ್ಟು ನಕ್ಕೆ. ಇದನ್ನು ಬರೆದ ಆಂಡಿ ವಿಯರ್ ಮೊದಲು ತಮ್ಮ ವೆಬ್‌ಸೈಟಿನಲ್ಲೇ ಒಂದೊಂದು ಅಧ್ಯಾಯವಾಗಿ ಹಾಕುತ್ತಿದ್ದರು. ಓದುಗರು ರಸಾಯನಶಾಸ್ತ್ರದ ತಪ್ಪು ಹಿಡಿದು ಹೇಳುತ್ತಿದ್ದರು, ಇವರು ತಿದ್ದಿಕೊಳ್ಳುತ್ತಿದ್ದರು. ರಾಕೆಟ್ಟಿನ ಇಂಧನದಿಂದ ನೀರು ಮಾಡುವ ಲೆಕ್ಕವೆಲ್ಲ ಅದರಲ್ಲಿ ಎಷ್ಟು ಸಲೀಸಾಗಿ ಬರುತ್ತದೆಂದರೆ, ನಾವೂ ಮಾಡಬಹುದೇನೋ ಅನ್ನಿಸುತ್ತದೆ. ಅಷ್ಟೆಲ್ಲ ತಿದ್ದುಪಡಿ ಆದರೂ ವೆಂಕಟ್ ಕಪೂರ್ ಮಾತ್ರ ಹಾಗೇ ಉಳಿದರು. ಯಾರಾದರೂ ಒಬ್ಬ ಭಾರತೀಯ ಸಹೋದ್ಯೋಗಿಯನ್ನು ಕೇಳಿದ್ದರೆ ಸಾಕಿತ್ತಲ್ಲ ಅಂದುಕೊಂಡೆ.

2015ರಲ್ಲಿ ಸಿನಿಮಾ ಬಂತು. ಆ ಪಾತ್ರವನ್ನು ಇರ್ಫಾನ್ ಖಾನ್ ಮಾಡಬೇಕಿತ್ತಂತೆ, ಡೇಟ್ಸ್ ಹೊಂದಲಿಲ್ಲವಂತೆ. ಕೊನೆಗೆ ಮಾಡಿದವರು ಚಿವೆಟೆಲ್ ಎಜಿಯೊಫೋರ್, ನೈಜೀರಿಯಾ ಮೂಲದ ಬ್ರಿಟಿಷ್ ನಟ. ಹೆಸರು ವಿನ್ಸೆಂಟ್ ಕಪೂರ್ ಆಯಿತು. ದೇವರಲ್ಲಿ ನಂಬಿಕೆ ಇದೆಯಾ ಎಂದು ಕೇಳಿದರೆ, ಪುಸ್ತಕದ ವೆಂಕಟ್ ತಾನು ಹಿಂದೂ, ದೇವರುಗಳು ಬೇಕಾದಷ್ಟಿದ್ದಾರೆ ಎನ್ನುವ ಧಾಟಿಯಲ್ಲಿ ಉತ್ತರಿಸುತ್ತಾರೆ. ಸಿನಿಮಾದ ವಿನ್ಸೆಂಟ್, ಅಪ್ಪ ಹಿಂದೂ, ಅಮ್ಮ ಬ್ಯಾಪ್ಟಿಸ್ಟ್, ಹಾಗಾಗಿ ಹಲವು ದೇವರುಗಳನ್ನು ನಂಬುತ್ತೇನೆ ಎನ್ನುತ್ತಾನೆ.

ಅಭಿಮಾನಿಗಳು ಎರಡು ಪಾಲಾದರು. ಹಾಲಿವುಡ್ಡಿನಲ್ಲಿ ಭಾರತೀಯರಿಗೆ ಸಿಗುವುದೇ ಅಪರೂಪ, ಸಿಕ್ಕ ಒಂದು ಒಳ್ಳೆಯ ಪಾತ್ರವೂ ಕೈತಪ್ಪಿತು ಎಂದು ಕೆಲವರು. ಕಪ್ಪು ನಟನೊಬ್ಬನಿಗೆ ವಿಜ್ಞಾನಿಯ ಪಾತ್ರ ಸಿಕ್ಕಿದೆ, ಅದಕ್ಕೂ ಗೊಣಗಬೇಕಾ ಎಂದು ಉಳಿದವರು. ಇಬ್ಬರ ಮಾತೂ ನನಗೆ ಸರಿಯೇ ಅನ್ನಿಸಿತು. ನನ್ನ ಹೊಟ್ಟೆ ಉರಿದದ್ದು ಮಾತ್ರ ಬೇರೆಯದಕ್ಕೆ. ಅಷ್ಟು ನಕ್ಕಿದ್ದೆನಲ್ಲ ಆ ವೆಂಕಟ್‌ನನ್ನು ನೋಡಿ, ಅವನು ವಿನ್ಸೆಂಟ್ ಆದದ್ದು ಸಹಿಸಲಾಗಲಿಲ್ಲ.

ಇದನ್ನೆಲ್ಲ ಅಕ್ಕನ ಮಗಳ ಮುಂದೆ ಹೇಳಿಕೊಂಡೆ. ಅವಳಿಗೆ ಇಪ್ಪತ್ಮೂರು. ಸೈನ್ಸ್ ಫಿಕ್ಷನ್ ವಿಷಯದಲ್ಲಿ ನನಗಿಂತ ಹುಚ್ಚಿ. ನನ್ನ ಜೋಕಿಗೆ ಅವಳು ನಗಲಿಲ್ಲ.

“ಮಾಮ, ಇದ್ರಲ್ಲಿ ನಗೋದೇನಿದೆ? ನಮ್ಮ ಕಾಲೇಜಲ್ಲಿ ಒಬ್ಬಳಿದ್ಲು. ಅಮ್ಮ ಮಂಡ್ಯ, ಅಪ್ಪ ಅಮೃತಸರ. ಹೆಸರು ನಮ್ಮ ನದೀದು, ಅಡ್ಡಹೆಸರು ಪಂಜಾಬಿಂದು. ನಿನ್ ಪ್ರಕಾರ ಅವಳೂ ತಪ್ಪಾ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ನಾನು ಈ ಲೋಕಕ್ಕೆ ಬಿದ್ದದ್ದು ‘ಸ್ಟಾರ್ ಟ್ರೆಕ್’ನಿಂದ, ಬಾಹ್ಯಾಕಾಶ ನೌಕೆಯೊಂದರ ಸಿಬ್ಬಂದಿಯ ಕಥೆ ಹೇಳುವ ಅಮೆರಿಕದ ಧಾರಾವಾಹಿ ಅದು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಬರುತ್ತಿತ್ತು. ಪಕ್ಕದ ಮನೆಯ ಕಪ್ಪು ಬಿಳುಪು ಟಿವಿ, ಚಾಪೆಯ ಮೇಲೆ ಹತ್ತು ಹದಿನೈದು ಮಕ್ಕಳು. ಇಂಗ್ಲಿಷ್ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಚೂಪು ಕಿವಿಯವನು ಬೇರೆ ಲೋಕದವನು ಅನ್ನುವುದಷ್ಟೇ ತಿಳಿದಿತ್ತು. ಆ ಟಿವಿಯಲ್ಲಿ ಎಲ್ಲರ ಚರ್ಮವೂ ಬೂದಿ ಬಣ್ಣ, ಒಬ್ಬರದು ಸ್ವಲ್ಪ ಗಾಢ, ಇನ್ನೊಬ್ಬರದು ಸ್ವಲ್ಪ ತೆಳು. ಆ ನೌಕೆಯ ಮೇಲೆ ಒಬ್ಬ ಕಪ್ಪು ಹೆಂಗಸು, ಒಬ್ಬ ಏಷ್ಯಾದವನು ಅಧಿಕಾರಿಗಳಾಗಿ ಕೂತಿದ್ದು 1966ರ ಅಮೆರಿಕದಲ್ಲಿ ಎಷ್ಟು ದೊಡ್ಡ ಸುದ್ದಿ ಅನ್ನುವುದು ಗೊತ್ತಾಗಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ಆಮೇಲೆ ಬೆಂಗಳೂರಿಗೆ ಬಂದೆ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸಿಡಿ ಗುಡ್ಡೆ ಕೆದಕುತ್ತಾ ಹಳೆಯ ಕಂತುಗಳನ್ನು ಕಲೆಹಾಕಿದೆ. ಬಣ್ಣದಲ್ಲಿ ನೋಡಿದ್ದು ಆಗಲೇ. ಅವುಗಳಲ್ಲಿ ಒಂದು, 1967ರ ಫೆಬ್ರವರಿಯಲ್ಲಿ ಮೊದಲ ಬಾರಿ ಪ್ರಸಾರವಾದದ್ದು, ನನ್ನನ್ನು ಕೂತಲ್ಲೇ ನೆಟ್ಟಗೆ ಕೂರಿಸಿತು. ಶತಮಾನಗಳ ಹಿಂದಿನ ಒಬ್ಬ ಸರ್ವಾಧಿಕಾರಿ ಶೀತಪೆಟ್ಟಿಗೆಯಲ್ಲಿ ನಿದ್ದೆ ಹೊಡೆಯುತ್ತಿರುತ್ತಾನೆ. ನೌಕೆಯ ಇತಿಹಾಸಕಾರ್ತಿ ಅವನ ಮುಖ ನೋಡಿ, ಉತ್ತರ ಭಾರತದ ಕಡೆಯವನು, ಬಹುಶಃ ಸಿಖ್ ಇರಬೇಕು ಎನ್ನುತ್ತಾಳೆ. ಹೆಸರು ಖಾನ್ ನೂನಿಯನ್ ಸಿಂಗ್.

ಗಡ್ಡ ಇಲ್ಲ, ಪಗಡಿ ಇಲ್ಲ. ಆ ಇತಿಹಾಸಕಾರ್ತಿ ಬರೆದ ಚಿತ್ರದಲ್ಲಿ ಮಾತ್ರ ಪಗಡಿ ಇದೆ! ಹೆಸರಲ್ಲಿ ಒಂದು ಕಡೆ ಖಾನ್, ಇನ್ನೊಂದು ಕಡೆ ಸಿಂಗ್, ನಡುವೆ ಇರುವುದು ಯಾವ ಭಾಷೆಯೋ. ಪಾತ್ರ ಮಾಡಿದ ರಿಕಾರ್ಡೊ ಮಾಂಟಲ್ಬಾನ್ ಮೆಕ್ಸಿಕೊದವರು, ಮುಖಕ್ಕೆ ಕಂದು ಮೇಕಪ್ ಬೇರೆ. ಕಥೆಯ ಪ್ರಕಾರ ಈ ಖಾನ್ 1992ರಿಂದ 1996ರವರೆಗೆ ಭೂಮಿಯ ಕಾಲು ಭಾಗವನ್ನು ಆಳಿದ್ದನಂತೆ. ನಮ್ಮಲ್ಲಿ ಆಗ ಮೊಯ್ಲಿ, ಆಮೇಲೆ ದೇವೇಗೌಡರು ಇದ್ದರು. ಇವನ ಸುದ್ದಿ ನಮಗ್ಯಾರಿಗೂ ಮುಟ್ಟಲಿಲ್ಲ.

ತಮಾಷೆ ಮಾಡುತ್ತೇನೆ, ಆದರೂ ಮಾಂಟಲ್ಬಾನ್ ನನಗೆ ಬಹಳ ಇಷ್ಟ. ಆ ಗತ್ತು, ಆ ಮಾತಿನ ಶೈಲಿ! 1982ರ ಸಿನಿಮಾದಲ್ಲಂತೂ ಅವರದೇ ರಾಜ್ಯ. ಖಾನ್ ಬುದ್ಧಿಯಲ್ಲೂ ಬಲದಲ್ಲೂ ಎಲ್ಲರಿಗಿಂತ ಮೇಲು. ತಳಿ ತಿದ್ದಿ ಹುಟ್ಟಿಸಿದ ‘ಶ್ರೇಷ್ಠ ಮನುಷ್ಯ’ ಅಂದರೆ ಹೊಂಬಣ್ಣದ ಕೂದಲಿನವನೇ ಆಗಬೇಕು ಎಂದು ಜಗತ್ತು ಅಂದುಕೊಂಡಿದ್ದ ಕಾಲ ಅದು. ಕಥೆಯ ಮೊದಲ ಕರಡಿನಲ್ಲೂ ಆ ಪಾತ್ರ ಉತ್ತರ ಯುರೋಪಿನವನದೇ ಆಗಿತ್ತು. ಅಲ್ಲಿಂದ ಅವನನ್ನು ಎತ್ತಿ ಸಿಂಗ್ ಮಾಡಿದ್ದು ಸಣ್ಣ ಮಾತಲ್ಲ. ತಪ್ಪು ಹೆಸರು, ತಪ್ಪು ಮುಖ, ಆದರೆ ಯೋಚನೆ ದೊಡ್ಡದು.

2013ರಲ್ಲಿ ಮತ್ತೆ ಖಾನ್ ಬಂದ. ಈ ಬಾರಿ ಬೆನೆಡಿಕ್ಟ್ ಕಂಬರ್‌ಬ್ಯಾಚ್. ಅಚ್ಚ ಬಿಳಿ ಇಂಗ್ಲಿಷ್ ಮುಖ. ಬಿಡುಗಡೆಗೆ ಮುಂಚೆ ಖಾನ್ ಅಂತ ಹೇಳಲೇ ಇಲ್ಲ, ಜಾನ್ ಹ್ಯಾರಿಸನ್ ಅಂತ ಹೇಳಿಕೊಂಡು ತಿರುಗಿದರು. ಥಿಯೇಟರಿನಲ್ಲಿ ಅವನು “ನನ್ನ ಹೆಸರು ಖಾನ್” ಅಂದಾಗ ನನ್ನ ಹಿಂದಿನ ಸಾಲಿನಲ್ಲಿ ಯಾರೋ ಶಾರುಖ್ ಧಾಟಿಯಲ್ಲಿ ಒಂದು ಡೈಲಾಗ್ ಹೊಡೆದರು. ಇಡೀ ಸಾಲು ನಕ್ಕಿತು. ಆ ಸಿನಿಮಾದಲ್ಲಿ ನನಗೆ ಸಿಕ್ಕ ಒಳ್ಳೆಯ ಮನರಂಜನೆ ಅದೊಂದೇ.

ಆಗ ಒಂದು ಸಮಜಾಯಿಷಿ ಕೇಳಿಬಂತು. ಈ ಖಾನ್ ಲಂಡನ್ನಿನಲ್ಲಿ ಬಾಂಬ್ ಹಾಕಿಸುತ್ತಾನೆ. ಕಂದು ಬಣ್ಣದವನಿಂದ ಅದನ್ನು ಮಾಡಿಸಿದರೆ ಒಂದು ಜನಾಂಗವನ್ನೇ ರಾಕ್ಷಸರನ್ನಾಗಿ ತೋರಿಸಿದ ಹಾಗಾಗುತ್ತದೆ, ಅದಕ್ಕೇ ಬಿಳಿಯ ನಟ ಎಂದು. ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಹಾಗಾದರೆ ಹೆಸರನ್ನೂ ಬಿಡಬೇಕಿತ್ತು. ಹೆಸರು ಇಟ್ಟುಕೊಂಡು ಮುಖ ಬಿಡುವುದು, ಬಾಡಿಗೆಯವರನ್ನು ಓಡಿಸಿ ಅವರ ಫ್ರಿಜ್ ಇಟ್ಟುಕೊಂಡ ಹಾಗೆ.

ಇನ್ನೊಂದು ಚೋದ್ಯ. ಭಾರತೀಯನ ಪಾತ್ರಕ್ಕೆ ಮೆಕ್ಸಿಕೊದವರು, ಇಂಗ್ಲೆಂಡಿನವರು ಸಿಕ್ಕರು. ಭಾರತೀಯರಿಗೆ ಏನು ಸಿಕ್ಕಿತು? 1979ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಮುಂಬೈಯ ಪರ್ಸಿಸ್ ಖಂಬಾಟಾ ಇದ್ದರು. 1965ರ ಮಿಸ್ ಇಂಡಿಯಾ. ತಲೆ ಬೋಳಿಸಿಕೊಂಡು ಅವರು ಮಾಡಿದ್ದು ಬೇರೆ ಗ್ರಹದ ಹೆಣ್ಣಿನ ಪಾತ್ರ. ಭಾರತೀಯನಾಗಲು ಭಾರತೀಯರು ಬೇಡ, ಅನ್ಯಗ್ರಹದವಳಾಗಲು ಬೇಕು! 1986ರ ಸಿನಿಮಾದಲ್ಲಿ ನಮ್ಮ ಟೆನಿಸ್ ತಾರೆ ವಿಜಯ್ ಅಮೃತರಾಜ್ ನೌಕೆಯೊಂದರ ಕ್ಯಾಪ್ಟನ್ ಆಗಿ ಬರುತ್ತಾರೆ. ಅವರ ನೌಕೆಯ ಕರೆಂಟು ಹೋಗಿರುತ್ತದೆ. ಬಿಸಿಲಿನಿಂದ ಶಕ್ತಿ ಪಡೆಯಲು ಏನೋ ಒಂದು ಪಟ ಕಟ್ಟುತ್ತಿದ್ದೇವೆ ಎಂದು ಪರದೆಯಿಂದ ವರದಿ ಒಪ್ಪಿಸಿ ಹೋಗುತ್ತಾರೆ. ಮದ್ರಾಸಿನ ಮನುಷ್ಯ, ಕರೆಂಟು ಹೋದರೆ ಗಾಬರಿಯಾಗುವುದಿಲ್ಲ. ಆ ಕ್ಯಾಪ್ಟನ್‌ಗೆ ಒಂದು ಹೆಸರು ಮಾತ್ರ ಇಡೀ ಸಿನಿಮಾದಲ್ಲಿ ಇಲ್ಲ.

ಹೆಸರಿನ ಬೆನ್ನು ಹತ್ತಿದರೆ ಹಳೆಯ ಧಾರಾವಾಹಿಯ ಆ ನೌಕೆಯ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ. ಅಲ್ಲಿನ ಕಪ್ಪು ಅಧಿಕಾರಿಣಿಯ ಹೆಸರು ಉಹುರಾ ಅನ್ನುವುದು ಸ್ವಾಹಿಲಿ ಭಾಷೆಯ ‘ಉಹುರು’, ಅಂದರೆ ಸ್ವಾತಂತ್ರ್ಯ, ಅನ್ನುವ ಪದದಿಂದ ಮಾಡಿದ್ದು. ಆ ಪಾತ್ರ ಮಾಡಿದ ನಿಷೆಲ್ ನಿಕೋಲ್ಸ್ ಮೊದಲ ವರ್ಷದ ಕೊನೆಗೆ ಬಿಟ್ಟುಹೋಗಲು ಹೊರಟಿದ್ದರು. ತಡೆದವರು ಮಾರ್ಟಿನ್ ಲೂಥರ್ ಕಿಂಗ್. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಜನ ಹೇಳುವುದು ಇನ್ನೊಂದು. ಉಹುರಾ ಅಡ್ಡಹೆಸರು. ಸ್ವಂತ ಹೆಸರು ‘ನಿಯೋಟಾ’, ಅಂದರೆ ನಕ್ಷತ್ರ. ಅದು ತೆರೆಯ ಮೇಲೆ ಮೊದಲು ಕೇಳಿಸಿದ್ದು 2009ರಲ್ಲಿ. ನಲವತ್ಮೂರು ವರ್ಷ ಆ ಹೆಂಗಸು ಬರೀ ಅಡ್ಡಹೆಸರಲ್ಲೇ ಡ್ಯೂಟಿ ಮಾಡಿದಳು.

ಅದೇ ನೌಕೆಯ ಏಷ್ಯಾದ ಅಧಿಕಾರಿ ಸುಲು ಕಥೆ ಇನ್ನೂ ವಿಚಿತ್ರ. ಅದು ಜಪಾನಿನ ಹೆಸರೇ ಅಲ್ಲ, ಫಿಲಿಪ್ಪೀನ್ಸ್ ಬಳಿಯ ಒಂದು ಸಮುದ್ರದ ಹೆಸರು. ಇಡೀ ಏಷ್ಯಾಕ್ಕೆ ಒಬ್ಬನೇ ಪ್ರತಿನಿಧಿ ಇರಲಿ, ಯಾವ ದೇಶಕ್ಕೂ ಸೇರದ ಹೆಸರಿರಲಿ ಎಂದು ಹಾಗೆ ಇಟ್ಟರು. ಕೇಳಲು ಉದಾತ್ತವಾಗಿದೆ. ಆದರೆ ಜಪಾನೀ ಭಾಷೆಗೆ ಡಬ್ ಮಾಡಿದವರಿಗೆ ಅದು ಕಿವಿಗೆ ಹಿಡಿಸಲಿಲ್ಲವೋ ಏನೋ, ಅವರು ಅವನನ್ನು ಕಾಟೊ ಅಂತ ಕರೆದರು. ನನ್ನಂಥವರು ಅಲ್ಲೂ ಇದ್ದಾರೆ ಎಂದು ಸಮಾಧಾನವಾಯಿತು.

ಇಷ್ಟೆಲ್ಲ ಬೇರೆಯವರ ತಪ್ಪು ಎಣಿಸುವವನು ತನ್ನದನ್ನೂ ಹೇಳಬೇಕು. ಅರ್ಸುಲಾ ಲೆ ಗ್ವಿನ್ ಅವರ 1969ರ ಕಾದಂಬರಿಯೊಂದಿದೆ, ಹಿಮದ ಗ್ರಹಕ್ಕೆ ರಾಯಭಾರಿಯಾಗಿ ಹೋಗುವವನ ಕಥೆ. ಅವನು ಕಪ್ಪು ಮನುಷ್ಯ ಎಂದು ಪುಸ್ತಕದಲ್ಲೇ ಇದೆ. ನಾನು ಇಡೀ ಪುಸ್ತಕ ಓದಿ ಮುಗಿಸಿ, ಮೆಚ್ಚಿ, ನಾಲ್ಕು ಜನಕ್ಕೆ ಓದಿ ಅಂತ ಹೇಳಿದ್ದೆ. ನನ್ನ ತಲೆಯಲ್ಲಿ ಅವನು ಬಿಳಿಯನೇ. ಎರಡನೇ ಸಲ ಓದುವಾಗ ಆ ಸಾಲು ಕಣ್ಣಿಗೆ ಬಿತ್ತು. ಇಂಗ್ಲಿಷಿನಲ್ಲಿ ಮಾತಾಡುವವರೆಲ್ಲ ಬಿಳಿಯರು ಎಂದು ನನ್ನ ತಲೆ ಯಾವತ್ತೋ ತೀರ್ಮಾನ ಮಾಡಿಬಿಟ್ಟಿತ್ತು. ನಾನೇನು ಬಿಳಿಯನಾ? ‘ಹಂಗರ್ ಗೇಮ್ಸ್’ 2012ರಲ್ಲಿ ತೆರೆಗೆ ಬಂದಾಗ, ರೂ ಎಂಬ ಪುಟ್ಟ ಹುಡುಗಿಯನ್ನು ಕಪ್ಪು ನಟಿ ಮಾಡಿದ್ದಕ್ಕೆ ಕೆಲವು ಅಭಿಮಾನಿಗಳು ಕೂಗಾಡಿದರು. ಪುಸ್ತಕದಲ್ಲಿ ಅವಳ ಚರ್ಮ ಗಾಢ ಕಂದು ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಅಭಿಮಾನಿಗಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಹಾಗೆಂದು ಎಲ್ಲ ಕೂಗಾಟವನ್ನೂ ಹಗುರವಾಗಿ ತೆಗೆದುಕೊಳ್ಳಲಾಗದು. 2017ರ ‘ಸ್ಟಾರ್ ವಾರ್ಸ್’ನಲ್ಲಿ ರೋಸ್ ಪಾತ್ರ ಮಾಡಿದ ಕೆಲ್ಲಿ ಮರೀ ಟ್ರಾನ್ ಅವರ ಹಿಂದೆ ಬಿದ್ದವರು ಅವರನ್ನು ಇನ್‌ಸ್ಟಾಗ್ರಾಂನಿಂದಲೇ ಓಡಿಸಿದರು. ಪಾತ್ರ ಹಿಡಿಸಲಿಲ್ಲ ಅನ್ನುವುದು ಬೇರೆ. ನನಗೂ ಆ ಪಾತ್ರದ ಜೂಜುಕಟ್ಟೆ ಪ್ರಸಂಗ ಬೋರ್ ಹೊಡೆಸಿತ್ತು. ಆದರೆ ಬರೆದವರ ಸಿಟ್ಟನ್ನು ನಟಿಯ ಮುಖದ ಮೇಲೆ, ಅವಳ ಪೂರ್ವಜರ ಮೇಲೆ ತೀರಿಸಿಕೊಳ್ಳುವುದು ಅಭಿಮಾನವಲ್ಲ, ಪುಂಡಾಟ. ಮುಂದಿನ ಸಿನಿಮಾದಲ್ಲಿ ರೋಸ್ ಎರಡು ನಿಮಿಷವೂ ಕಾಣಲಿಲ್ಲ. ಅದು ಇನ್ನೂ ಬೇಸರದ ವಿಷಯ.

2018ರಲ್ಲಿ ಅವರು ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಿಯೆಟ್ನಾಂನಿಂದ ಬಂದ ಅಪ್ಪ ಅಮ್ಮ, ಬೇರೆಯವರಿಗೆ ಕರೆಯಲು ಸುಲಭವಾಗಲಿ ಎಂದು ಟೋನಿ, ಕೇ ಅಂತ ಹೆಸರು ಬದಲಿಸಿಕೊಂಡಿದ್ದರಂತೆ. ಲೇಖನದ ಕೊನೆಯಲ್ಲಿ ತನ್ನ ನಿಜವಾದ ಹೆಸರು ಲೋಆನ್ ಎಂದು ಹೇಳಿಕೊಳ್ಳುತ್ತಾರೆ. ಅದನ್ನು ಓದಿದ ದಿನ ನನಗೆ ವೆಂಕಟ್ ನೆನಪಾದ. ವೆಂಕಟ್ ವಿನ್ಸೆಂಟ್ ಆದದ್ದು ಬರೀ ಕಥೆ. ಟೋನಿ ಆದದ್ದು ಒಬ್ಬ ಮನುಷ್ಯ.

ಪುಸ್ತಕಗಳ ಕಡೆಯೂ ಜಗಳ ಕಡಿಮೆಯಿಲ್ಲ. ಸೈನ್ಸ್ ಫಿಕ್ಷನ್‌ಗೆ ಕೊಡುವ ಹ್ಯೂಗೊ ಪ್ರಶಸ್ತಿಯಲ್ಲಿ ರಾಜಕೀಯ ಜಾಸ್ತಿಯಾಯಿತು, ಕಥೆ ಕಡಿಮೆಯಾಯಿತು ಎಂದು ಒಂದು ಗುಂಪು 2015ರಲ್ಲಿ ತಮ್ಮದೇ ಪಟ್ಟಿ ಮಾಡಿ ನಾಮನಿರ್ದೇಶನಗಳನ್ನು ತುಂಬಿಸಿತು. ಉಳಿದ ಮತದಾರರು ಸಿಟ್ಟಾಗಿ ಐದು ವಿಭಾಗಗಳಲ್ಲಿ ಪ್ರಶಸ್ತಿಯೇ ಬೇಡ ಅಂದುಬಿಟ್ಟರು. ಅದೇ ವರ್ಷ ಕಾದಂಬರಿ ಪ್ರಶಸ್ತಿ ಚೀನೀ ಭಾಷೆಯಿಂದ ಅನುವಾದವಾದ ಲಿಯೂ ಸಿಶಿನ್ ಅವರ ಕೃತಿಗೆ ಬಂತು. ಮುಂದಿನ ಮೂರು ವರ್ಷ, 2016, 2017, 2018, ಸತತವಾಗಿ ಎನ್. ಕೆ. ಜೆಮಿಸಿನ್ ಗೆದ್ದರು. ಒಂದೇ ಕಥಾಸರಣಿಯ ಮೂರು ಪುಸ್ತಕಗಳು, ಬರೆದವರು ಕಪ್ಪು ಮಹಿಳೆ. ಮೂರನ್ನೂ ಓದಿದ್ದೇನೆ. ಮೊದಲನೆಯದು ನಿದ್ದೆಗೆಡಿಸಿತು, ಮೂರನೆಯದು ಸ್ವಲ್ಪ ನಿಧಾನ. ಭೂಮಿಯೇ ಮುನಿಸಿಕೊಂಡ ಲೋಕದ ಆ ಕಥೆಯನ್ನು ‘ರಾಜಕೀಯ’ ಎಂದು ಪಕ್ಕಕ್ಕಿಟ್ಟವರಿಗೆ ಲುಕ್ಸಾನು.

ಒಂದು ಮಾತನ್ನು ಮಾತ್ರ ಆ ಗೊಣಗುವವರ ಪರವಾಗಿ ಹೇಳಬೇಕು. ಲೆಕ್ಕ ಭರ್ತಿ ಮಾಡಲು ತಂದು ನಿಲ್ಲಿಸಿದ ಪಾತ್ರ ನೋಡುಗನಿಗೆ ಗೊತ್ತಾಗಿಬಿಡುತ್ತದೆ. ಗ್ರೂಪ್ ಫೋಟೋದಲ್ಲಿ ಮುಂದೆ, ಕಥೆಯಲ್ಲಿ ಹಿಂದೆ.

ಅದಕ್ಕೇ ನನಗೆ ‘ದಿ ಎಕ್ಸ್‌ಪ್ಯಾನ್ಸ್’ ಇಷ್ಟ. ಒಂಬತ್ತು ಕಾದಂಬರಿಗಳು, ಆರು ಸೀಸನ್ನಿನ ಸರಣಿ. ಅಲ್ಲಿ ಮಂಗಳದಲ್ಲಿ ಹುಟ್ಟಿದ ಪೈಲಟ್ ಒಬ್ಬನಿದ್ದಾನೆ, ಆಲೆಕ್ಸ್ ಕಮಲ್. ಭಾರತೀಯ ಮೂಲದವನು, ಮಾತು ಮಾತ್ರ ಪಕ್ಕಾ ಟೆಕ್ಸಾಸ್ ರಾಗ. ಯಾಕೆಂದರೆ ಮಂಗಳದಲ್ಲಿ ಅವನ ಊರಿರುವ ಕಣಿವೆಯಲ್ಲಿ ಮೊದಲು ನೆಲೆಸಿದ್ದು ಭಾರತ, ಚೀನಾ ಮತ್ತು ಟೆಕ್ಸಾಸಿನ ಜನ. ಎಲ್ಲರ ಬಾಯಿಗೂ ಟೆಕ್ಸಾಸ್ ರಾಗ ಹತ್ತಿತು. ಇದನ್ನು ನಂಬಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಬೈಲಕುಪ್ಪೆಯಲ್ಲಿ ಟಿಬೆಟನ್ ಹುಡುಗರು ನಮ್ಮ ಕನ್ನಡದಲ್ಲೇ ಚೌಕಾಸಿ ಮಾಡುವುದನ್ನು ಕೇಳಿದವನು ನಾನು. ಮುಖ ಒಂದು ಕಡೆಯದು, ಮಾತು ಇನ್ನೊಂದು ಕಡೆಯದು. ಬರೆದ ಇಬ್ಬರು ಅಮೆರಿಕನ್ನರಿಗೆ ಬೈಲಕುಪ್ಪೆ ಗೊತ್ತಿರಲಿಕ್ಕಿಲ್ಲ. ಊರು ಕಟ್ಟುವುದು ಹೇಗೆ ಅನ್ನುವುದು ಗೊತ್ತಿದೆ.

ಆ ಲೋಕದಲ್ಲಿ ಚರ್ಮದ ಬಣ್ಣಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಂತ ಮೇಲು ಕೀಳು ಹೋಗಿಲ್ಲ. ಗುರುತ್ವ ಕಡಿಮೆ ಇರುವ ಕಡೆ ಹುಟ್ಟಿ, ಉದ್ದಕ್ಕೆ ಬೆಳೆದ, ಮೂಳೆ ಸೂಕ್ಷ್ಮವಾದ ಜನರನ್ನು ಭೂಮಿಯವರು ಕೂಲಿಗಳ ಹಾಗೆ ನೋಡುತ್ತಾರೆ. ನೀರಿಗೂ ಗಾಳಿಗೂ ಅವರು ಬೇರೆಯವರ ಮುಂದೆ ಕೈಯೊಡ್ಡಬೇಕು. ನೀರಿನ ವಿಷಯ ಬಂದಾಗ ಕನ್ನಡದ ಓದುಗ ಬೇರೆ ಟಿಪ್ಪಣಿ ಕೇಳುವುದಿಲ್ಲ.

ಇದನ್ನೇ ಅಕ್ಕನ ಮಗಳಿಗೆ ಹೇಳುತ್ತಿದ್ದೆ. ಅವಳು ತಿರುಗಿಸಿ ಕೇಳಿದಳು, “ಸರಿ ಮಾಮ, ನಮ್ಮ ಕಥೆಗಳಲ್ಲಿ ಯಾರ್ಯಾರು ರಾಕೆಟ್ ಹತ್ತಿದ್ದಾರೆ ಹೇಳು.”

ನೆನಪು ಕೆದಕಿದೆ. ನಾನು ವಾರಪತ್ರಿಕೆಗಳಲ್ಲಿ ಓದಿ ಬೆಳೆದ ಕಥೆಗಳಲ್ಲಿ ವಿಜ್ಞಾನಿ ಅಂದರೆ ಡಾಕ್ಟರ್ ರಾವ್, ಡಾಕ್ಟರ್ ಮೂರ್ತಿ, ಪ್ರೊಫೆಸರ್ ಶರ್ಮ. ಪ್ರಯೋಗಾಲಯದ ಬಾಗಿಲು ಕಾಯುವವನು ಮಾತ್ರ ಬೇರೆ ಹೆಸರಿನವನು. ಆ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ನಿಮಗೇ ಗೊತ್ತು. ಆ ಮೂರನೆಯ ಪ್ರಶ್ನೆ ಇಲ್ಲೂ ಬಂದು ಕೂತಿತ್ತು, ನನಗೆ ಕಂಡಿರಲಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು. ಕನ್ನಡ, ಕೊಂಕಣಿ ಮಾತಾಡುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ, ಹೆಸರಿನ ಕೊನೆಗೆ ಬಹಳ ಮಂದಿಗೆ ‘ಸಿದ್ದಿ’ ಇರುತ್ತದೆ. ಅವರಲ್ಲೊಬ್ಬರು, ಶಾಂತಾರಾಮ ಬುಡ್ನ ಸಿದ್ದಿ, ವಿಧಾನ ಪರಿಷತ್ತಿಗೆ ಬಂದದ್ದು 2020ರಲ್ಲಿ. ನಾಳೆ ಒಂದು ಕನ್ನಡ ಸಿನಿಮಾದಲ್ಲಿ ಇಸ್ರೋ ನೌಕೆಯ ಕಮಾಂಡರ್ ಒಬ್ಬ ಸಿದ್ದಿ ಹುಡುಗಿ ಅಂತ ತೋರಿಸಿದರು ಅಂದುಕೊಳ್ಳಿ. ಗುಂಗುರು ಕೂದಲು, ಬಾಯಲ್ಲಿ ಯಲ್ಲಾಪುರದ ಕನ್ನಡ. ನಮ್ಮವರು ಏನನ್ನುತ್ತಾರೆ? “ಸುಮ್ನೆ ಎಲ್ಲದಕ್ಕೂ ತುರುಕುತ್ತಾರೆ ಗುರೂ” ಅನ್ನುವ ಮಾತು ಮೊದಲ ದಿನದ ಮೊದಲ ಶೋ ಮುಗಿಯುವುದರೊಳಗೆ ಬಂದಿರುತ್ತದೆ. ಉಹುರಾಗೆ ಅಮೆರಿಕದಲ್ಲಿ ಸಿಕ್ಕ ಮಾತೂ ಹೆಚ್ಚುಕಡಿಮೆ ಅದೇ.

ಬೆಂಗಳೂರಿನ ಲಾವಣ್ಯ ಲಕ್ಷ್ಮೀನಾರಾಯಣ್ ಇಂಗ್ಲಿಷಿನಲ್ಲಿ ಬರೆದ ‘ದಿ ಟೆನ್ ಪರ್ಸೆಂಟ್ ಥೀಫ್’ ಕೈಗೆ ಬಂದದ್ದು ಈ ಚರ್ಚೆ ಆದ ಮೇಲೆ. 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿದ್ದ ಪುಸ್ತಕ. ನಡೆಯುವುದು ನಮ್ಮ ಬೆಂಗಳೂರಿನಲ್ಲೇ, ಆದರೆ ಊರಿನ ಹೆಸರು ಹೋಗಿ ಏಪೆಕ್ಸ್ ಸಿಟಿ ಆಗಿದೆ. ಜನರನ್ನು ಅಳೆಯುವುದು ಅವರು ಎಷ್ಟು ಪ್ರಯೋಜನಕ್ಕೆ ಬರುತ್ತಾರೆ ಅನ್ನುವುದರ ಮೇಲೆ. ಮೇಲಿನ ಇಪ್ಪತ್ತು ಶೇಕಡದವರಿಗೆ ಎಲ್ಲ ಸುಖ, ಕೆಳಗಿನ ಹತ್ತು ಶೇಕಡದವರು ಊರಾಚೆ. ಊರಾಚೆ ಅನ್ನುವುದಕ್ಕೆ ನಮ್ಮಲ್ಲಿ ಹಳೆಯ ಅರ್ಥವೊಂದಿದೆ, ಅಲ್ವಾ? ಓದುತ್ತಾ ಮೈ ಜುಂ ಅಂದದ್ದು ಅದಕ್ಕೇ.

ಮೊನ್ನೆ ರಜೆಯಲ್ಲಿ ಅಕ್ಕನ ಮನೆಯಲ್ಲಿದ್ದೆ. ರಾತ್ರಿ ಊಟವಾದ ಮೇಲೆ ನಾನೂ ಅವಳ ಮಗಳೂ ‘ದಿ ಎಕ್ಸ್‌ಪ್ಯಾನ್ಸ್’ ಹಾಕಿಕೊಂಡು ಕೂತೆವು. ಅದರಲ್ಲಿ ವಿಶ್ವಸಂಸ್ಥೆಯ ದೊಡ್ಡ ಅಧಿಕಾರಿಣಿ ಒಬ್ಬಳಿದ್ದಾಳೆ, ಕ್ರಿಸ್‌ಜೆನ್ ಅವಸರಾಲ. ರೇಷ್ಮೆ ಸೀರೆ, ಕಿವಿ ಕೊರಳು ತುಂಬ ಒಡವೆ, ಬಾಯಿ ತೆರೆದರೆ ಕೆಟ್ಟ ಬೈಗುಳ. ಇಡೀ ಸರಣಿಯ ಅತ್ಯುತ್ತಮ ಪಾತ್ರ. ಮಾಡಿರುವ ಶೊಹ್ರೆ ಅಗ್ದಾಶ್ಲೂ ಟೆಹ್ರಾನಿನಲ್ಲಿ ಹುಟ್ಟಿದವರು. ಭಾರತೀಯಳ ಪಾತ್ರಕ್ಕೆ ಮತ್ತೆ ಹೊರಗಿನವರೇ ಎಂದು ನಾನು ಶುರು ಮಾಡಿದೆ. ಅವಸರಾಲ ತೆಲುಗಿನವರ ಮನೆತನದ ಹೆಸರು, ಕ್ರಿಸ್‌ಜೆನ್ ಯಾವ ಸೀಮೆಯದು ಎಂದೂ ಸೇರಿಸಿದೆ. ಅವಳು, ಮುನ್ನೂರು ವರ್ಷ ಆದ್ಮೇಲೆ ಹೆಸರು ಹಾಗೇ ಇರುತ್ತಾ ಮಾಮ, ಅಂದಳು. ಇಬ್ಬರೂ ಕಂತನ್ನು ಅಲ್ಲೇ ನಿಲ್ಲಿಸಿ ವಾದಕ್ಕಿಳಿದೆವು.

ಅಕ್ಕ ಹಾಲಿಗೆ ಹೆಪ್ಪು ಹಾಕಿ, ಕೈ ಒರೆಸಿಕೊಳ್ಳುತ್ತಾ ಬಂದಳು. ಪರದೆಯ ಮೇಲೆ ಸೀರೆಯುಟ್ಟವಳು ನಿಂತುಬಿಟ್ಟಿದ್ದಳು. ಅಕ್ಕ ಕನ್ನಡಕ ಸರಿಮಾಡಿಕೊಂಡು ಮೇಲ್ಗಡೆಯಿಂದ ಕೆಳಗಿನವರೆಗೆ ನೋಡಿದಳು.

“ಸೀರೆ ಏನೋ ಚೆನ್ನಾಗಿದೆ. ಸೆರಗಿಗೆ ಒಂದು ಪಿನ್ ಹಾಕ್ಕೋಬಾರ್ದಾ. ಯಾವೂರಿನವಳೇ ಇವಳು?”

“ಭೂಮಿಯವಳು ಅಮ್ಮ.”

“ಅದು ಕಾಣುತ್ತೆ. ಭೂಮೀಲಿ ಎಲ್ಲಿ?”